ಓವನ್ನಿನೊಳಗಿನ ದೀಪ ಕೆಟ್ಟಾಗ

ಆಗಮನ ಕಾಲದ ಮೊದಲ ಭಾನುವಾರ ಕಳೆಯಿತೆಂದರೆ ನಮ್ಮ ಅಡುಗೆಮನೆಗಳಿಗೆ ಬಿಡುವಿಲ್ಲ. ಒಂದು ಕಡೆ ಕರ್ಜಿಕಾಯಿ, ಕಲ್‌ಕಲ್, ರೋಸ್ ಕುಕ್ಕಿ. ಇನ್ನೊಂದು ಕಡೆ ತಿಂಗಳ ಹಿಂದೆಯೇ ನೆನೆಹಾಕಿಟ್ಟ ಒಣದ್ರಾಕ್ಷಿ, ಖರ್ಜೂರ, ಕಿತ್ತಳೆ ಸಿಪ್ಪೆಯ ಜಾಡಿ. ಕರಿಯುವ ತಿಂಡಿಗಳಿಗೆ ಬಾಣಲೆ ಸಾಕು. ಕೇಕಿಗೆ ಮಾತ್ರ ಓವನ್ ಬೇಕು.

ನಮ್ಮ ಅಜ್ಜಿಯ ಕಾಲದಲ್ಲಿ ಮನೆಯಲ್ಲಿ ಓವನ್ ಇರಲಿಲ್ಲ. ಕಲಸಿದ ಹಿಟ್ಟನ್ನು ತಗಡಿನ ಅಚ್ಚಿಗೆ ಸುರಿದು, ಹೆಸರು ಬರೆದ ಚೀಟಿ ಅಂಟಿಸಿ, ಪರಿಚಯದ ಬೇಕರಿಯ ಸೌದೆ ಒಲೆಗೆ ಒಯ್ಯುತ್ತಿದ್ದರು. ಇಲ್ಲವೇ ದಪ್ಪ ತಳದ ಪಾತ್ರೆಯಲ್ಲಿ ಮರಳು ಹರಡಿ, ಮೇಲೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಕೆಂಡ ಹಾಕಿ ಬೇಯಿಸುತ್ತಿದ್ದರು. ಬೆಂದಿತೋ ಇಲ್ಲವೋ ಎಂಬುದಕ್ಕೆ ಮೂಗೇ ಸಾಕ್ಷಿ. ಆಮೇಲೆ ಗುಂಡಗಿನ ಅಲ್ಯೂಮಿನಿಯಂ ಓವನ್ ಬಂತು. ಅದರ ಮುಚ್ಚಳದ ನಡುವೆ ಗಾಜಿನ ಕಿಟಕಿ ಇತ್ತು, ಒಳಗೆ ದೀಪವಿರಲಿಲ್ಲ. ಟಾರ್ಚ್ ಬಿಟ್ಟು ಇಣುಕಬೇಕಿತ್ತು. ಈಗ ಬಹಳ ಮನೆಗಳಲ್ಲಿ ಓ.ಟಿ.ಜಿ. ಎಂದು ಕರೆಯುವ ಪೆಟ್ಟಿಗೆಯಂಥ ಓವನ್ ಇದೆ. ಅದರಲ್ಲಿ ಎಷ್ಟೋ ಮಾದರಿಗಳ ಒಳಗೊಂದು ಪುಟ್ಟ ದೀಪ ಇರುತ್ತದೆ. ಈ ವಾರ ಆ ಪುಟ್ಟ ದೀಪದ ಬಗ್ಗೆಯೇ ಒಂದು ಪಾಠ.

ಇಷ್ಟು ಚಿಕ್ಕ ವಿಷಯಕ್ಕೆ ಪಾಠವೇ ಎಂದು ಕೇಳಬೇಡಿ. ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳುತ್ತೇನೆ.

ಮಾವಳ್ಳಿಯ ಒಂದು ಗಲ್ಲಿಯ ಹಳೆಯ ಮನೆ ನಮ್ಮದು. ಅಕ್ಕ ಮತ್ತು ಅವಳ ಮಗ ನಮ್ಮೊಡನೆಯೇ ಇದ್ದಾರೆ. ಭಾವ ತೀರಿಕೊಂಡ ಮೇಲೆ ಅಕ್ಕ ಪ್ರತಿ ಡಿಸೆಂಬರಿನಲ್ಲಿ ಕೇಕಿನ ಆರ್ಡರು ಹಿಡಿಯುತ್ತಾಳೆ. ಆ ದುಡ್ಡು ಮಗನ ಕಾಲೇಜಿನ ಫೀಸಿಗೆ. ಎರಡು ವರ್ಷದ ಹಿಂದೆ ಕ್ರಿಸ್ಮಸ್ಸಿಗೆ ಹತ್ತು ದಿನ ಇರುವಾಗ ಓವನ್ನಿನ ಒಳದೀಪ ಹೋಯಿತು. ಬೆಂದಿದೆಯೇ ಎಂದು ನೋಡಲು ಅಕ್ಕ ಮತ್ತೆ ಮತ್ತೆ ಬಾಗಿಲು ತೆಗೆದಳು. ಮೊದಲ ಕೇಕು ನಡುವೆ ಕುಸಿದು ತಟ್ಟೆಯಂತಾಯಿತು.

ಅಮ್ಮನ ಕಷ್ಟ ನೋಡಲಾರದೆ ಮಗ ತಾನೇ ರಿಪೇರಿಗೆ ಇಳಿದ. ಫ್ರಿಜ್ಜಿನ ಬಲ್ಬು ಬಿಚ್ಚಿ ನೋಡಿದರೆ ಕುತ್ತಿಗೆಯ ತಿರುಪು ಅದೇ ಅಳತೆ, ವ್ಯಾಟು ಕೂಡ ಅದೇ. ಹಾಕಿದ, ಉರಿಯಿತು. ಬಲ್ಬು ಸ್ವಲ್ಪ ಉದ್ದವಾದ್ದರಿಂದ ಗಾಜಿನ ಮುಚ್ಚಳ ಕೂರಲಿಲ್ಲ. ಮುಚ್ಚಳವಿಲ್ಲದೆಯೇ ಬಿಟ್ಟ. ಒಂದು ಕೇಕು ಚೆನ್ನಾಗಿಯೇ ಬಂತು. ಎರಡನೆಯದು ಅರ್ಧ ಬೆಂದಿರುವಾಗ ಒಳಗೆ 'ಟಪ್' ಎಂದಿತು. ಬಲ್ಬಿನ ಗಾಜು ತನ್ನ ಲೋಹದ ಕುತ್ತಿಗೆಯಿಂದ ಕಳಚಿ ನೇರ ಕೇಕಿನ ಮೇಲೆ ಬಿದ್ದು ಒಡೆದಿತ್ತು. ಗಾಜಿನ ಚೂರು ಬಿದ್ದ ಕೇಕನ್ನು ಯಾರಿಗೆ ಕೊಡುವುದು? ಪಕ್ಕದ ಅಚ್ಚಿನಲ್ಲಿದ್ದದ್ದೂ ಸೇರಿ ಎರಡೂ ಕಸಕ್ಕೆ ಹೋದವು.

ಅಷ್ಟಕ್ಕೇ ಮುಗಿಯಲಿಲ್ಲ. ಹೋಲ್ಡರಿನಲ್ಲಿ ಉಳಿದ ಲೋಹದ ಕುತ್ತಿಗೆಯನ್ನು ತೆಗೆಯಲು ಹುಡುಗ ಕೈಹಾಕಿದ. ಗೋಡೆಯ ಸ್ವಿಚ್ಚು ಆರಿಸಿದ್ದ, ಆದರೆ ಪ್ಲಗ್ ಕಿತ್ತಿರಲಿಲ್ಲ. ಕರೆಂಟು ಹೊಡೆದು ಹಿಂದಕ್ಕೆ ಬಿದ್ದ. ದೇವರ ದಯೆ, ಮೊಣಕೈ ತರಚಿದ್ದು ಬಿಟ್ಟರೆ ಇನ್ನೇನೂ ಆಗಲಿಲ್ಲ. ಆ ಕ್ಷಣ ಅಕ್ಕ ಕೂಗಿದ ಕೂಗು ನನ್ನ ಕಿವಿಯಲ್ಲಿ ಇನ್ನೂ ಇದೆ.

ಹುಡುಗ ಕೈಹಾಕಿದ್ದೇ ತಪ್ಪೇ? ಅಲ್ಲ. ತಿಳಿಯದೆ ಕೈಹಾಕಿದ್ದು ತಪ್ಪು. ಈ ರಿಪೇರಿಯಲ್ಲಿ ನಾವೇ ಮಾಡಬಹುದಾದ ಕೆಲಸ ಎಷ್ಟು, ಎಲ್ಲಿ ಕೈ ನಿಲ್ಲಿಸಬೇಕು ಎಂಬ ಗೆರೆ ಗೊತ್ತಿದ್ದರೆ ಇದು ಹತ್ತು ನಿಮಿಷದ ಕೆಲಸ. ಆ ಗೆರೆಯನ್ನು ತಿಳಿಯೋಣ.

1. ಒಳಗೆ ದೀಪ ಏಕೆ ಬೇಕು?

ಕೇಕಿನ ಹಿಟ್ಟು ಉಬ್ಬುವುದು ಒಳಗಿನ ಗಾಳಿ ಮತ್ತು ಹಬೆಯ ಗುಳ್ಳೆಗಳಿಂದ. ಮೊಟ್ಟೆ ಮತ್ತು ಹಿಟ್ಟು ಬೆಂದು ಗಟ್ಟಿಯಾಗುವ ತನಕ ಆ ಗುಳ್ಳೆಗಳ ಗೋಡೆ ಹಸಿಯಾಗಿರುತ್ತದೆ. ಆಗ ಬಾಗಿಲು ತೆಗೆದರೆ ಕಾವು ಹೊರಗೆ ನುಗ್ಗುತ್ತದೆ, ತಂಪು ಗಾಳಿ ಒಳಗೆ ಬರುತ್ತದೆ. ಗುಳ್ಳೆಗಳು ಕುಗ್ಗಿ ನಡುಭಾಗ ಕುಸಿಯುತ್ತದೆ. ದೀಪವಿದ್ದರೆ ಬಾಗಿಲು ತೆಗೆಯದೆ ಗಾಜಿನ ಮೂಲಕವೇ ಬಣ್ಣ ನೋಡಬಹುದು, ಅಂಚು ಅಚ್ಚನ್ನು ಬಿಟ್ಟಿತೇ ಎಂದು ತಿಳಿಯಬಹುದು. ಆದ್ದರಿಂದ ಆ ದೀಪ ಅಲಂಕಾರಕ್ಕಲ್ಲ. ಕಣ್ಣು ಮಂದವಾದ ಹಿರಿಯರಿಗಂತೂ ಅದೇ ಆಸರೆ.

ಹಾಗೆಂದು ದೀಪ ಹೋದ ಕೂಡಲೇ ಓವನ್ ಕೆಟ್ಟಿತೆಂದು ಭಾವಿಸಬೇಡಿ. ಬೇಯಿಸುವ ಸುರುಳಿಗಳಿಗೂ ದೀಪಕ್ಕೂ ದಾರಿ ಬೇರೆ. ದೀಪವಿಲ್ಲದೆಯೂ ಓವನ್ ಬೇಯಿಸುತ್ತದೆ. ಅವಸರವಿದ್ದರೆ ಆ ದಿನಕ್ಕೆ ಗಾಜಿನ ಹೊರಗಿನಿಂದ ಟಾರ್ಚ್ ಬಿಟ್ಟು ನೋಡಿ. ಅವಸರದಲ್ಲಿ ಮಾಡಿದ ರಿಪೇರಿಗಿಂತ ಟಾರ್ಚ್ ಲೇಸು.

2. ಓವನ್ನಿನ ಬಲ್ಬೇ ಬೇರೆ

ನಮ್ಮ ಮನೆಗಳ ಸಾಮಾನ್ಯ ಬಲ್ಬಿನ ಕುತ್ತಿಗೆ 22 ಮಿಲಿಮೀಟರ್ ಅಗಲ, ಪಕ್ಕದಲ್ಲಿ ಎರಡು ಮೊಳೆ. ಒತ್ತಿ ತಿರುಗಿಸಿ ಸಿಕ್ಕಿಸುತ್ತೇವೆ. ಅದಕ್ಕೆ ಬಿ22 ಎಂದು ಹೆಸರು. ಓವನ್ನಿನಲ್ಲಿ ಸಾಮಾನ್ಯವಾಗಿ ಇರುವುದು 14 ಮಿಲಿಮೀಟರ್ ಅಗಲದ ತಿರುಪಿನ ಕುತ್ತಿಗೆ. ಅದು ಇ14. 'ಇ' ಅಕ್ಷರ ಎಡಿಸನ್ ಹೆಸರಿನದು. ಓವನ್ ಬಲ್ಬು ಸಾಮಾನ್ಯವಾಗಿ 15 ಅಥವಾ 25 ವ್ಯಾಟಿನದು, 230 ವೋಲ್ಟಿನದು. ಕೆಲವು ಹೊಸ ಓವನ್‌ಗಳಲ್ಲಿ ಎರಡು ಕಡ್ಡಿಯ ಪುಟ್ಟ ಹ್ಯಾಲೊಜೆನ್ ಬಲ್ಬು ಇರುತ್ತದೆ.

ಫ್ರಿಜ್ಜಿನ ಬಲ್ಬಿಗೂ ಎಷ್ಟೋ ಸಲ ಇದೇ ಕುತ್ತಿಗೆ, ಇದೇ ವ್ಯಾಟು. ನೋಡಲು ಅಣ್ಣತಮ್ಮಂದಿರು. ಆದರೆ ಒಂದು ಬಾಳುವುದು ತಂಪಿನಲ್ಲಿ, ಇನ್ನೊಂದು ಕುಲುಮೆಯಲ್ಲಿ. ಓವನ್ ಬಲ್ಬಿನ ಮೇಲೆ ಅಥವಾ ಅದರ ಡಬ್ಬಿಯ ಮೇಲೆ 300 ಡಿಗ್ರಿ ಸೆಲ್ಸಿಯಸ್ ಎಂದು ಬರೆದಿರುತ್ತದೆ. ಸಾಮಾನ್ಯ ಬಲ್ಬಿನಲ್ಲಿ ಗಾಜನ್ನು ಲೋಹದ ಕುತ್ತಿಗೆಗೆ ಹಿಡಿದಿಡುವುದು ಒಂದು ಬಗೆಯ ಅಂಟುಗಾರೆ, ತಂತಿಯ ತುದಿಯನ್ನು ಹಿಡಿದಿಡುವುದು ಬೆಸುಗೆ. ಸೀಸ ಮತ್ತು ತವರ ಬೆರೆತ ಸಾಮಾನ್ಯ ಬೆಸುಗೆ 183 ಡಿಗ್ರಿಗೆ ಕರಗತೊಡಗುತ್ತದೆ. ನಮ್ಮ ಓವನ್ನಿನ ಗುಂಡಿ 250ರವರೆಗೂ ತಿರುಗುತ್ತದೆ! ಅಂಟುಗಾರೆಯೂ ಆ ಕಾವಿಗೆ ಸಡಿಲುತ್ತದೆ. ನಮ್ಮ ಮನೆಯಲ್ಲಿ ಗಾಜು ಕಳಚಿ ಬಿದ್ದದ್ದು ಹೀಗೆ.

ಎಲ್.ಇ.ಡಿ. ಹಾಕಬಾರದೇ ಎಂದು ಕೆಲವರು ಕೇಳುತ್ತಾರೆ. ಬಾರದು. ಎಲ್.ಇ.ಡಿ. ಬಲ್ಬಿನ ಹೊಟ್ಟೆಯಲ್ಲಿ ಪುಟ್ಟ ಎಲೆಕ್ಟ್ರಾನಿಕ್ ಭಾಗಗಳಿವೆ, ಪ್ಲಾಸ್ಟಿಕ್ಕೂ ಇದೆ. ಓವನ್ನಿನ ಕಾವನ್ನು ಅವು ತಡೆಯಲಾರವು. ಕೋಣೆಗೆ ಎಲ್.ಇ.ಡಿ. ಉತ್ತಮ, ಓವನ್ನಿಗೆ ಇಂದಿಗೂ ತಂತಿಯ ಬಲ್ಬೇ ಗತಿ.

ತಂತಿಯ ಬಲ್ಬು ನಮ್ಮ ಊರಿಗೆ ಹಳೆಯ ನೆಂಟ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿಗೆ ಬಂತು. 1936ರಲ್ಲಿ ಶುರುವಾದ ಮೈಸೂರು ಲ್ಯಾಂಪ್ಸ್ ಕಾರ್ಖಾನೆ ಮಲ್ಲೇಶ್ವರದ ಕಡೆ ದಶಕಗಳ ಕಾಲ ಬಲ್ಬು ತಯಾರಿಸಿತು. ಈಗ ಅದು ಮುಚ್ಚಿದೆ. ಆ ಕಾಲದ ಹಿರಿಯರು ಬಲ್ಬನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ತಂತಿ ಕಡಿದಿದೆಯೇ ಎಂದು ಹೇಳಿಬಿಡುತ್ತಿದ್ದರು. 2015ರಲ್ಲಿ ಉಜಾಲಾ ಯೋಜನೆ ಬಂದ ಮೇಲೆ ಮನೆಮನೆಯಲ್ಲೂ ಎಲ್.ಇ.ಡಿ. ತುಂಬಿತು. ಇಂದಿನ ಮಕ್ಕಳು ತಂತಿಯ ಬಲ್ಬನ್ನು ಬಿಚ್ಚಿ ಹಾಕಿದ್ದೇ ಕಡಿಮೆ. ಅವರಿಗೆ ಗೊತ್ತಿಲ್ಲದ್ದು ಅವರ ತಪ್ಪಲ್ಲ. ನಾವು ಹೇಳಿಕೊಡಲಿಲ್ಲ, ಅಷ್ಟೆ.

3. ದೀಪ ಉರಿಯದಿರಲು ಐದು ಕಾರಣ

ಮೊದಲಿಗೆ ಒಂದು ಮಾತು. ಓವನ್ನಿನ ಹೊರಗೆ ಗುಂಡಿಗಳ ಪಕ್ಕದಲ್ಲಿರುವ ಕೆಂಪು ಸೂಚಕ ದೀಪ ಬೇರೆ, ಒಳಗಿನ ದೀಪ ಬೇರೆ. ಕೆಲವು ಮಾದರಿಗಳಲ್ಲಿ ಟೈಮರ್ ತಿರುಗಿಸಿದರೆ ಮಾತ್ರ ಒಳದೀಪ ಹೊತ್ತುತ್ತದೆ. ಕೆಲವಕ್ಕೆ ಪ್ರತ್ಯೇಕ ಗುಂಡಿ ಇದೆ. ಓವನ್ ಜೊತೆ ಬಂದ ಪುಸ್ತಕವನ್ನು ಒಮ್ಮೆ ನೋಡಿ. ಗುಂಡಿ ಸರಿಯಾದ ಜಾಗದಲ್ಲಿದ್ದೂ ದೀಪ ಬಾರದಿದ್ದರೆ ಈ ಐದರಲ್ಲಿ ಒಂದು ಕಾರಣ:

ಒಂದು, ಬಲ್ಬು ಸಡಿಲವಾಗಿದೆ. ಕಾದು ಆರಿ, ಕಾದು ಆರಿ ಲೋಹ ಹಿಗ್ಗಿ ಕುಗ್ಗುವಾಗ ತಿರುಪು ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ.
ಎರಡು, ಬಲ್ಬಿನ ಒಳತಂತಿ ಕಡಿದಿದೆ. ಬಹಳ ಸಲ ಇದೇ.
ಮೂರು, ಹೋಲ್ಡರಿನ ತಳದಲ್ಲಿರುವ ಲೋಹದ ನಾಲಗೆ ಕುಸಿದಿದೆ, ಇಲ್ಲವೇ ಎಣ್ಣೆಹಬೆ ಕೂತು ಕಿಲುಬು ಹಿಡಿದಿದೆ.
ನಾಲ್ಕು, ಹೋಲ್ಡರಿಗೆ ಬರುವ ವೈರು ಸುಟ್ಟಿದೆ ಅಥವಾ ಅದರ ಕೊಂಡಿ ಬಿಟ್ಟಿದೆ.
ಐದು, ದೀಪದ ಸ್ವಿಚ್ಚು ಅಥವಾ ಟೈಮರ್ ಕೆಟ್ಟಿದೆ.

ಮೊದಲ ಮೂರು ನಮ್ಮ ಕೈಯ ಕೆಲಸ. ಕೊನೆಯ ಎರಡು ಬಲ್ಲ ಎಲೆಕ್ಟ್ರಿಷಿಯನ್ನನ ಕೆಲಸ. ಇದೇ ನಾನು ಹೇಳಿದ ಗೆರೆ.

4. ಕೈಹಾಕುವ ಮುನ್ನ ಮೂರು ನಿಯಮ

ಮೊದಲನೆಯ ನಿಯಮ: ಪ್ಲಗ್ ಕಿತ್ತು ನಿಮ್ಮ ಕಣ್ಣೆದುರು ಇಟ್ಟುಕೊಳ್ಳಿ. ಸ್ವಿಚ್ಚು ಆರಿಸಿದರೆ ಸಾಲದೇ? ಸಾಲದು. ಸರಿಯಾದ ವೈರಿಂಗ್‌ನಲ್ಲಿ ಸ್ವಿಚ್ಚು ಫೇಸ್ ತಂತಿಯನ್ನು ಕಡಿಯುತ್ತದೆ. ಎಲ್ಲೋ ಯಾರೋ ತಂತಿ ಅದಲುಬದಲು ಮಾಡಿದ್ದರೆ ಸ್ವಿಚ್ಚು ಕಡಿಯುವುದು ನ್ಯೂಟ್ರಲ್ಲನ್ನು. ಆಗ ಓವನ್ ನಿಂತಂತೆ ಕಾಣುತ್ತದೆ, ಆದರೆ ಬಲ್ಬಿನ ಹೋಲ್ಡರಿನಲ್ಲಿ ಕರೆಂಟು ಹಾಗೆಯೇ ಇರುತ್ತದೆ. ನಮ್ಮ ಹಳೆಯ ಮನೆಯಲ್ಲಿ ಆಗಿದ್ದದ್ದು ಇದೇ. ಮಾವಳ್ಳಿ, ಬಸವನಗುಡಿ, ಚಾಮರಾಜಪೇಟೆಗಳಲ್ಲಿ ಹಲವು ಸಲ ಕೂಡಿಸಿ ಕಳೆದು ಮಾಡಿದ ವೈರಿಂಗಿನ ಮನೆಗಳು ಇನ್ನೂ ಇವೆ. ಅಲ್ಲಿರುವವರು ಇದನ್ನು ವಿಶೇಷವಾಗಿ ನೆನಪಿಡಬೇಕು.

25 ವ್ಯಾಟಿನ ಬಲ್ಬು ಉರಿಯಲು ಬೇಕಾದ ಕರೆಂಟು ಸುಮಾರು 110 ಮಿಲಿಆಂಪಿಯರ್. ಅದು ಬಹಳ ಸಣ್ಣದು ಎನ್ನಿಸುತ್ತದೆ. ಆದರೆ ಅದರ ಅರ್ಧದಷ್ಟು ಎದೆಯ ಮೂಲಕ ಹರಿದರೂ ಪ್ರಾಣಕ್ಕೆ ಅಪಾಯ. ಬಲ್ಬು ಚಿಕ್ಕದೆಂದು ಕರೆಂಟು ಚಿಕ್ಕದಲ್ಲ.

ಎರಡನೆಯ ನಿಯಮ: ಓವನ್ ಪೂರ್ತಿ ತಣ್ಣಗಾಗಲಿ. ಬೇಯಿಸಿದ ಮೇಲೆ ಕನಿಷ್ಠ ಒಂದು ಗಂಟೆ ಬಿಡಿ. ಬಿಸಿ ಗಾಜು ಕೈ ಸುಡುವುದಲ್ಲದೆ, ಒದ್ದೆ ಬಟ್ಟೆ ತಾಗಿದರೆ ಸಿಡಿಯುತ್ತದೆ.

ಮೂರನೆಯ ನಿಯಮ: ಕೈ ಒಣಗಿರಲಿ, ಕಾಲಿನಲ್ಲಿ ಚಪ್ಪಲಿ ಇರಲಿ, ಬೆಳಗಿನ ಬೆಳಕಿನಲ್ಲಿ ಕೆಲಸ ಮಾಡಿ. ಚಿಕ್ಕ ಮಕ್ಕಳನ್ನು ದೂರವಿಡಿ.

ಇನ್ನೆರಡು ಎಚ್ಚರಿಕೆಗಳಿವೆ. ಗೋಡೆಯ ಕಪಾಟಿನೊಳಗೆ ಕೂರಿಸಿದ, ಪ್ಲಗ್ ಕೈಗೆ ಸಿಗದ ಓವನ್ ಆದರೆ ಎಲೆಕ್ಟ್ರಿಷಿಯನ್ನನನ್ನೇ ಕರೆಯಿರಿ. ಮೈಕ್ರೋವೇವ್ ಓವನ್ನಿನ ದೀಪಕ್ಕಾಗಿ ಅದರ ಹೊರಕವಚವನ್ನು ಎಂದೂ ಬಿಚ್ಚಬೇಡಿ. ಅದರೊಳಗೆ ಎರಡು ಸಾವಿರ ವೋಲ್ಟಿಗೂ ಮೀರಿದ ಭಾಗಗಳಿವೆ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರಬಹುದು. ಈ ಪಾಠ ಓ.ಟಿ.ಜಿ.ಗೆ ಮಾತ್ರ.

5. ಮಾಡುವ ಕ್ರಮ

ಅ) ಓವನ್ನನ್ನು ಗಟ್ಟಿಯಾದ ಮೇಜಿನ ಮೇಲಿಡಿ. ಒಳಗಿನ ತಂತಿಜಾಲರಿ, ತಟ್ಟೆ ಎಲ್ಲ ಹೊರಗೆ ತೆಗೆಯಿರಿ. ತಳಕ್ಕೆ ಮಡಿಸಿದ ಬಟ್ಟೆ ಹಾಸಿ. ಬಲ್ಬು ಕೈ ಜಾರಿದರೂ ಒಡೆಯುವುದಿಲ್ಲ, ಒಡೆದರೂ ಚೂರು ಬಟ್ಟೆಯಲ್ಲೇ ಉಳಿಯುತ್ತದೆ.

ಆ) ದೀಪದ ಮೇಲೆ ಗಾಜಿನ ಮುಚ್ಚಳ ಅಥವಾ ತಂತಿಯ ಪಂಜರ ಇರುತ್ತದೆ. ಗಾಜಿನ ಮುಚ್ಚಳವನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಎದುರಾಗಿ ತಿರುಗಿಸಿದರೆ ಬಿಚ್ಚುತ್ತದೆ. ಎಣ್ಣೆ ಹಿಡಿದು ಕೂತಿದ್ದರೆ ರಬ್ಬರ್ ಕೈಗವಸು ಹಾಕಿ ತಿರುಗಿಸಿ. ಇಕ್ಕಳದಿಂದ ಹಿಂಡಬೇಡಿ. ಕೆಲವು ಓವನ್‌ಗಳಲ್ಲಿ ಮುಚ್ಚಳ ಎರಡು ತಿರುಪುಗಳ ಮೇಲೆ ಕೂತಿರುತ್ತದೆ. ಅವನ್ನು ಬಿಚ್ಚಿ ಒಂದು ಬಟ್ಟಲಲ್ಲಿ ಇಡಿ.

ಇ) ಬಲ್ಬನ್ನು ಮೊದಲು ಬಲಕ್ಕೆ ಮೆಲ್ಲಗೆ ತಿರುಗಿಸಿ ನೋಡಿ. ಇನ್ನೂ ತಿರುಗಿತೇ? ಹಾಗಾದರೆ ಅದು ಸಡಿಲವಾಗಿತ್ತು. ಬಿಗಿ ಮಾಡಿ, ಮುಚ್ಚಳ ಹಾಕಿ, ಪ್ಲಗ್ ಸಿಕ್ಕಿಸಿ ಪರೀಕ್ಷಿಸಿ. ನೂರಕ್ಕೆ ನೂರು ಪಾಲು ಉಚಿತ ರಿಪೇರಿ!

ಈ) ಬಿಗಿಯಾಗಿಯೇ ಇದ್ದರೆ ಬಲ್ಬನ್ನು ಹೊರಗೆ ತೆಗೆಯಿರಿ. ಬೆಳಕಿಗೆ ಹಿಡಿದು ನೋಡಿ. ಗಾಜು ಕಪ್ಪಾಗಿದ್ದರೆ, ತಂತಿ ಕಡಿದು ತೂಗಾಡುತ್ತಿದ್ದರೆ ಬಲ್ಬು ಮುಗಿದಂತೆ. ಕಣ್ಣಿಗೆ ಕಾಣದಿದ್ದರೆ ಮಲ್ಟಿಮೀಟರ್ ಇರುವವರಿಂದ ಪರೀಕ್ಷಿಸಿ. ಒಳ್ಳೆಯ 25 ವ್ಯಾಟಿನ ಬಲ್ಬು ತಣ್ಣಗಿರುವಾಗ ಸುಮಾರು 150ರಿಂದ 200 ಓಮ್ ತೋರಿಸುತ್ತದೆ. ಲೆಕ್ಕ ಹಾಕಿದರೆ 2,116 ಓಮ್ ಬರಬೇಕಲ್ಲ ಎಂದು ವಿಜ್ಞಾನ ಓದುವ ಮಕ್ಕಳು ಕೇಳಬಹುದು. ಆ ಲೆಕ್ಕ ಎರಡು ಸಾವಿರ ಡಿಗ್ರಿಗೂ ಮೀರಿ ಕಾದು ಉರಿಯುತ್ತಿರುವ ತಂತಿಯದು. ತಣ್ಣಗಿನ ತಂತಿಯ ತಡೆ ಅದರ ಹತ್ತರಲ್ಲೊಂದು ಪಾಲಿಗೂ ಕಡಿಮೆ. ಅದಕ್ಕೇ ಸ್ವಿಚ್ಚು ಒತ್ತಿದ ಕ್ಷಣ ಹೆಚ್ಚು ಕರೆಂಟು ನುಗ್ಗುತ್ತದೆ, ಹಳೆಯ ಬಲ್ಬುಗಳು ಆ ಕ್ಷಣದಲ್ಲೇ 'ಫಟ್' ಎನ್ನುತ್ತವೆ. ಮೀಟರ್ ಏನೂ ತೋರಿಸದಿದ್ದರೆ ತಂತಿ ಕಡಿದಿದೆ.

ಉ) ಬಲ್ಬು ಚೆನ್ನಾಗಿದ್ದರೆ ಹೋಲ್ಡರಿನೊಳಗೆ ನೋಡಿ. ಪ್ಲಗ್ ಇನ್ನೂ ಕಣ್ಣೆದುರೇ ಇದೆಯೇ ಎಂದು ಮತ್ತೊಮ್ಮೆ ನೋಡಿಕೊಳ್ಳಿ. ಪಿಂಗಾಣಿ ಹೋಲ್ಡರಿನ ತಳದಲ್ಲಿ ಚಿಕ್ಕ ಲೋಹದ ನಾಲಗೆ ಇರುತ್ತದೆ. ಬಲ್ಬನ್ನು ಬಹಳ ಬಿಗಿ ಮಾಡಿದರೆ ಅದು ಕುಸಿದು, ಬಲ್ಬಿನ ತುದಿಗೆ ತಾಗುವುದಿಲ್ಲ. ಮರದ ಕಡ್ಡಿಯಿಂದ ಅದನ್ನು ಒಂದೆರಡು ಮಿಲಿಮೀಟರ್ ಮಾತ್ರ ಮೇಲೆತ್ತಿ. ಕಿಲುಬಿದ್ದರೆ ನಯವಾದ ಉಪ್ಪುಕಾಗದದ ಚೂರಿನಿಂದ ಮೆಲ್ಲಗೆ ಉಜ್ಜಿ, ಒಣ ಬ್ರಷ್‌ನಿಂದ ಒರೆಸಿ. ನೀರು, ಎಣ್ಣೆ, ಪಾತ್ರೆ ತೊಳೆಯುವ ಸೋಪು ಯಾವುದನ್ನೂ ಹೋಲ್ಡರಿಗೆ ತಾಗಿಸಬೇಡಿ.

ಊ) ಹೊಸ ಬಲ್ಬನ್ನು ಒಣ ಬಟ್ಟೆಯಲ್ಲಿ ಹಿಡಿದು ಹಾಕಿ. ತಡೆ ಸಿಕ್ಕ ಕೂಡಲೇ ನಿಲ್ಲಿಸಿ, ಬಲ ಹಾಕಬೇಡಿ. ಹ್ಯಾಲೊಜೆನ್ ಬಲ್ಬಾದರೆ ಬರಿಗೈಯಲ್ಲಿ ಮುಟ್ಟಲೇಬಾರದು. ಬೆರಳಿನ ಜಿಡ್ಡು ತಾಗಿದ ಜಾಗ ಹೆಚ್ಚು ಕಾದು ಗಾಜು ಬಿರಿಯುತ್ತದೆ.

ಋ) ಗಾಜಿನ ಮುಚ್ಚಳವನ್ನು ಸೋಪುನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಮತ್ತೆ ಹಾಕಿ. ಮುಚ್ಚಳವಿಲ್ಲದೆ ಓವನ್ ಬಳಸಬೇಡಿ. ಬಲ್ಬು ಒಡೆದರೆ ಚೂರುಗಳನ್ನು ತಡೆಯುವುದು ಅದೇ. ಮುಚ್ಚಳ ಕೂರದಿದ್ದರೆ ನೀವು ತಂದ ಬಲ್ಬೇ ತಪ್ಪು ಎಂದು ತಿಳಿಯಿರಿ.

ಗಾಜು ಒಡೆದು ಕುತ್ತಿಗೆ ಮಾತ್ರ ಒಳಗುಳಿದಿದ್ದರೆ? ಪ್ಲಗ್ ಕಿತ್ತಿರುವುದನ್ನು ಖಚಿತ ಮಾಡಿಕೊಂಡು, ದಪ್ಪ ಕೈಗವಸು ಹಾಕಿ, ಮೂತಿ ಉದ್ದದ ಇಕ್ಕಳದಿಂದ ಲೋಹದ ಅಂಚನ್ನು ಹಿಡಿದು ಎಡಕ್ಕೆ ತಿರುಗಿಸಿ. ಬಾರದಿದ್ದರೆ ಹಟ ಮಾಡಬೇಡಿ, ಎಲೆಕ್ಟ್ರಿಷಿಯನ್ನನಿಗೆ ಬಿಡಿ. ಓವನ್ನಿನೊಳಗೆ ಗಾಜಿನ ಚೂರು ಉಳಿದಿಲ್ಲವೆಂದು ಬೆಳಕು ಹಿಡಿದು ನೋಡುವ ತನಕ ಏನನ್ನೂ ಬೇಯಿಸಬೇಡಿ.

6. ಕೈ ನಿಲ್ಲಿಸಬೇಕಾದ ಜಾಗ

ಹೊಸ ಬಲ್ಬು ಹಾಕಿದಿರಿ, ನಾಲಗೆ ಎತ್ತಿದಿರಿ, ಆದರೂ ಬೆಳಕಿಲ್ಲ. ಇನ್ನು ಉಳಿದದ್ದು ವೈರು ಅಥವಾ ಸ್ವಿಚ್ಚು. ಅದಕ್ಕೆ ಓವನ್ನಿನ ಹೊರತಗಡನ್ನು ಬಿಚ್ಚಬೇಕು. ಇಲ್ಲಿಗೆ ನಮ್ಮ ಕೆಲಸ ಮುಗಿಯಿತು.

ಏಕೆ? ಆ ತಗಡಿನ ಹಿಂದೆ ಓಡುವ ವೈರು ನಮ್ಮ ಗೋಡೆಯ ವೈರಿನಂಥದ್ದಲ್ಲ. ಮನೆಯ ಸಾಮಾನ್ಯ ಪಿ.ವಿ.ಸಿ. ವೈರಿನ ಹೊದಿಕೆ 70 ಡಿಗ್ರಿಗಷ್ಟೇ ತಾಳುತ್ತದೆ. ಓವನ್ನಿನೊಳಗೆ ಗಾಜಿನ ನೂಲಿನ ಅಥವಾ ಸಿಲಿಕೋನ್ ಹೊದಿಕೆಯ ವೈರು ಬೇಕು. ಅಲ್ಲಿ ಕೊಂಡಿಗಳನ್ನು ಒತ್ತಿ ಬಿಗಿಯುತ್ತಾರೆ. ಸಾಮಾನ್ಯ ಬೆಸುಗೆ ಹಾಕಿದರೆ ಕರಗುತ್ತದೆ, ಕಪ್ಪು ಟೇಪು ಸುತ್ತಿದರೆ ಜಾರಿ ಸುಡುತ್ತದೆ. ಅರ್ತ್ ತಂತಿಯನ್ನು ಮತ್ತೆ ಕೂಡಿಸಲು ಮರೆತರೆ ಇಡೀ ಓವನ್ನಿನ ಮೈಯೇ ಕರೆಂಟಾಗಬಹುದು. ಇದನ್ನು ಬಲ್ಲವರಿಗೆ ಬಿಡುವುದು ಹೇಡಿತನವಲ್ಲ, ವಿವೇಕ.

ಈ ಲಕ್ಷಣಗಳಲ್ಲಿ ಒಂದು ಕಂಡರೂ ಬಲ್ಬಿಗೆ ಕೈಹಾಕದೆ ನೇರ ಎಲೆಕ್ಟ್ರಿಷಿಯನ್ನನನ್ನು ಕರೆಯಿರಿ: ಓವನ್ನಿನ ಮೈ ಮುಟ್ಟಿದಾಗ ಜುಮ್ಮೆನ್ನುವುದು, ಪ್ಲಗ್ ಹಾಕಿದ ಕೂಡಲೇ ಮನೆಯ ಕರೆಂಟು ಹೋಗುವುದು, ಸುಟ್ಟ ವಾಸನೆ, ಹೊಸ ಬಲ್ಬು ವಾರದೊಳಗೇ ಹೋಗುವುದು. ಬಂದವನಿಗೆ ಏನಾಯಿತೆಂದು, ನೀವೇನು ಮಾಡಿದಿರೆಂದು ಮುಚ್ಚಿಡದೆ ಹೇಳಿ. ಅವನ ಕೂಲಿಯನ್ನು ಚೌಕಾಶಿ ಮಾಡದೆ ಕೊಡಿ. ನಿಮ್ಮ ಬದಲಿಗೆ ಅಪಾಯದ ಜಾಗಕ್ಕೆ ಕೈಹಾಕುವವನು ಅವನು.

7. ಬಲ್ಬು ಕೊಳ್ಳುವಾಗ

ಬೀದಿಯ ತಿರುವಿನ ಅಂಗಡಿಯಲ್ಲಿ ಓವನ್ ಬಲ್ಬು ಸಿಗುವುದು ಅಪರೂಪ. ನಮ್ಮ ಕಡೆಯವರು ಮಿನರ್ವ ವೃತ್ತದಿಂದ ಜೆ.ಸಿ. ರಸ್ತೆ ಹಿಡಿದು, ಪುರಭವನ ದಾಟಿ, ಎಸ್.ಪಿ. ರಸ್ತೆಗೋ ಅಲ್ಲಿಂದ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗೋ ಹೋದರೆ ವಿದ್ಯುತ್ ಸಾಮಾನಿನ ಅಂಗಡಿಗಳು ಸಾಲುಸಾಲು. ಹಳೆಯ ಬಲ್ಬನ್ನು ಕಾಗದದಲ್ಲಿ ಸುತ್ತಿ ಜೊತೆಗೆ ಒಯ್ಯಿರಿ. ಬಾಯಿಮಾತಿಗಿಂತ ಅದು ಚೆನ್ನಾಗಿ ಹೇಳುತ್ತದೆ. ನಾಲ್ಕು ವಿಷಯ ಕೇಳಿ: ಕುತ್ತಿಗೆಯ ಅಳತೆ, ವೋಲ್ಟು, ವ್ಯಾಟು, ಕಾವು ತಾಳುವ ಡಿಗ್ರಿ. ಹೆಚ್ಚು ಬೆಳಕು ಬೇಕೆಂದು 15ರ ಜಾಗಕ್ಕೆ 40 ವ್ಯಾಟು ಹಾಕಬೇಡಿ. ಹೋಲ್ಡರು ಮತ್ತು ಮುಚ್ಚಳ ಆ ಕಾವಿಗೆ ತಯಾರಾದವಲ್ಲ. 'ಎಲ್ಲದಕ್ಕೂ ಆಗುತ್ತೆ ತಗೊಳ್ಳಿ' ಎಂದು ಹೇಳಿ ಕೊಡುವ ಬಲ್ಬಿನ ಮೇಲೆ 300 ಡಿಗ್ರಿ ಎಂದು ಬರೆದಿಲ್ಲವಾದರೆ ತರಬೇಡಿ.

ಹಳೆಯ ಬಲ್ಬನ್ನು ಹಾಗೆಯೇ ಕಸದ ಬುಟ್ಟಿಗೆ ಎಸೆಯಬೇಡಿ. ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ 'ಗಾಜು' ಎಂದು ಬರೆದು, ಪೌರಕಾರ್ಮಿಕರ ಕೈಗೆ ಹೇಳಿ ಕೊಡಿ. ನಮ್ಮ ಮನೆಯ ಗಾಜು ಇನ್ನೊಬ್ಬರ ಕೈ ಕೊಯ್ಯಬಾರದು.

8. ದೀಪ ಬಹುಕಾಲ ಬಾಳಲು

ಓವನ್ ಬಾಗಿಲನ್ನು ಬಡಿದು ಮುಚ್ಚಬೇಡಿ. ಕಾದ ತಂತಿ ಬಹಳ ನಾಜೂಕು, ಅದುರಿದರೆ ಕಡಿಯುತ್ತದೆ. ಬೇಯುತ್ತಿರುವಾಗ ದೀಪವನ್ನು ಪದೇ ಪದೇ ಹಚ್ಚಿ ಆರಿಸಬೇಡಿ. ಗಾಜಿನ ಮುಚ್ಚಳಕ್ಕೆ ಹಿಡಿದ ಜಿಡ್ಡನ್ನು ತಿಂಗಳಿಗೊಮ್ಮೆ ತೊಳೆಯಿರಿ. ವೋಲ್ಟೇಜು ಏರುವ ಬೀದಿಯಾದರೆ ಅದನ್ನೂ ಗಮನಿಸಿ. ವೋಲ್ಟೇಜು ಶೇಕಡಾ 5 ಏರಿದರೆ, ಎಂದರೆ 230 ಇರಬೇಕಾದದ್ದು 241ರ ಆಸುಪಾಸಿಗೆ ಬಂದರೆ, ತಂತಿಯ ಬಲ್ಬಿನ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಓವನ್ನನ್ನು 16 ಆಂಪಿಯರಿನ ಪವರ್ ಪ್ಲಗ್ಗಿಗೇ ಹಾಕಿ. ಮೂರು ಕಡ್ಡಿಯ ಪ್ಲಗ್ಗಿನಲ್ಲಿ ಮೇಲಿನ ದಪ್ಪ ಕಡ್ಡಿ ಉಳಿದೆರಡಕ್ಕಿಂತ ಉದ್ದವಾಗಿದೆ, ನೋಡಿದ್ದೀರಾ? ಅದು ಅರ್ತ್ ಕಡ್ಡಿ. ಹಾಕುವಾಗ ಮೊದಲು ಕೂಡಿ, ಕೀಳುವಾಗ ಕೊನೆಗೆ ಬಿಡಲಿ ಎಂದೇ ಹಾಗೆ ಮಾಡಿದ್ದಾರೆ. ಕಾಪಾಡುವವನು ಮೊದಲು ಬಂದು ಕೊನೆಗೆ ಹೋಗಬೇಕಲ್ಲವೇ? ಅದನ್ನು ಕತ್ತರಿಸುವುದು, ಎರಡು ಕಡ್ಡಿಯ ಪ್ಲಗ್ ಹಾಕುವುದು ಮಾಡಬೇಡಿ.

ಸಾಧ್ಯವಾದರೆ ಮನೆಗೆ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಿ. ಸಾಮಾನ್ಯ ಎಂ.ಸಿ.ಬಿ. ಕಾಪಾಡುವುದು ವೈರನ್ನು. ಮನುಷ್ಯನ ಮೈಮೂಲಕ ಕರೆಂಟು ಭೂಮಿಗೆ ಇಳಿದರೆ ಕ್ಷಣಾರ್ಧದಲ್ಲಿ ಕಡಿದು ಕಾಪಾಡುವುದು ಆರ್.ಸಿ.ಸಿ.ಬಿ. ನಮ್ಮ ಮನೆಯಲ್ಲಿ ಅಂದು ಅದಿರಲಿಲ್ಲ.

ಮತ್ತೆ ನಮ್ಮ ಮನೆಯ ಕಥೆಗೆ ಬರುತ್ತೇನೆ. ಆ ಸಂಜೆ ಹುಡುಗ ಊಟ ಮಾಡಲಿಲ್ಲ. "ನನ್ನಿಂದ ಎರಡು ಕೇಕು ಹಾಳಾಯ್ತು ಮಾವ" ಎಂದ. ಅಕ್ಕ ಬೈಯಲಿಲ್ಲ. "ಕೇಕು ಹೋದರೆ ಇನ್ನೊಂದು ಮಾಡಬಹುದು ಕಣೋ" ಎಂದಷ್ಟೇ ಹೇಳಿ ಅವನ ತಲೆ ಸವರಿದಳು. ಮಾರನೆಯ ದಿನ ಬಂದ ಎಲೆಕ್ಟ್ರಿಷಿಯನ್ ಸಾಕೆಟ್ಟಿನ ಅದಲುಬದಲು ತಂತಿಯನ್ನು ಸರಿಮಾಡಿದರು, ಆರ್.ಸಿ.ಸಿ.ಬಿ. ಕೂರಿಸಿದರು. ಹುಡುಗನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಪ್ರತಿಯೊಂದನ್ನೂ ತೋರಿಸಿದರು. ಬಲ್ಬು ತರಲು ಅವನನ್ನೇ ಎಸ್.ಪಿ. ರಸ್ತೆಗೆ ಕಳಿಸಿದೆವು. ಸರಿಯಾದದ್ದನ್ನೇ ತಂದ, ಪ್ಲಗ್ ಕಿತ್ತು ಮಡಿಲಲ್ಲಿಟ್ಟುಕೊಂಡು ತಾನೇ ಹಾಕಿದ. ಆರ್ಡರುಗಳಲ್ಲಿ ಎರಡು ಮಾತ್ರ ಒಂದು ದಿನ ತಡವಾದವು. ಇಂದು ನಮ್ಮ ಗಲ್ಲಿಯಲ್ಲಿ ಯಾರ ಓವನ್ನಿನ ದೀಪ ಹೋದರೂ ಅವನನ್ನೇ ಕರೆಯುತ್ತಾರೆ. ಅವನು ಬಾಗಿಲಲ್ಲೇ ಕೇಳುವ ಮೊದಲ ಪ್ರಶ್ನೆ: "ಆಂಟಿ, ಪ್ಲಗ್ ಕಿತ್ತಿದ್ದೀರಾ?"

ಮನೆಯವರೆಲ್ಲ ಕುಳಿತು ಯೋಚಿಸಲು:

1. ನಮ್ಮ ಓವನ್ನಿನ ಒಳದೀಪ ಯಾವ ಗುಂಡಿಗೆ ಹೊತ್ತುತ್ತದೆ? ಅದರ ಬಲ್ಬು ಎಷ್ಟು ವ್ಯಾಟಿನದು?
2. ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು. ಏಕೆಂದು ಮನೆಯ ಮಕ್ಕಳಿಗೆ ವಿವರಿಸಬಲ್ಲೆವೇ?
3. ನಮ್ಮ ಮನೆಯ ವೈರಿಂಗನ್ನು ಕೊನೆಯ ಸಲ ಬಲ್ಲವರಿಗೆ ತೋರಿಸಿದ್ದು ಯಾವಾಗ? ಆರ್.ಸಿ.ಸಿ.ಬಿ. ಇದೆಯೇ?
4. ನಮಗೆ ಗೊತ್ತಿರುವ ಸಣ್ಣಪುಟ್ಟ ಕೆಲಸಗಳಲ್ಲಿ ಯಾವುದನ್ನು ಈ ಕ್ರಿಸ್ಮಸ್ ರಜೆಯಲ್ಲಿ ಮಕ್ಕಳಿಗೆ ಕಲಿಸಬಹುದು?